2030ರ ನಂತರ ಆಸ್ಟ್ರೇಲಿಯಾದ ವೃತ್ತಿಪರ ರಗ್ಬಿ ಯಾವ ಪಂದ್ಯಾವಳಿಯಲ್ಲಿ ಇರಬೇಕು?

ಯಾರ್ರಾ ದಡ (ಮೆಲ್ಬರ್ನ್):

2024ರ ಜನವರಿಯಲ್ಲಿ ಮೆಲ್ಬರ್ನ್ ರೆಬೆಲ್ಸ್ ತಂಡವು ಎರಡು ಕೋಟಿ ಡಾಲರಿಗೂ ಮೀರಿದ ಸಾಲವನ್ನು ಹೊತ್ತು, ದಿವಾಳಿ ಪ್ರಕ್ರಿಯೆಯ ಆಡಳಿತಗಾರರ ವಶಕ್ಕೆ ಹೋಯಿತು. ಮೇ ತಿಂಗಳ ಕೊನೆಯಲ್ಲಿ, ಆ ಋತು ಮುಗಿದ ಮೇಲೆ ತಂಡವನ್ನು ಮುಂದುವರಿಸುವುದಿಲ್ಲವೆಂದು ದೇಶದ ರಗ್ಬಿ ಆಡಳಿತ ಸಂಸ್ಥೆಯಾದ ರಗ್ಬಿ ಆಸ್ಟ್ರೇಲಿಯಾ ಪ್ರಕಟಿಸಿತು. 2011ರಲ್ಲಿ ಹುಟ್ಟಿದ ತಂಡವು ಸೂಪರ್ ರಗ್ಬಿಯ ಪೂರ್ಣ ಪಂದ್ಯಾವಳಿಯಲ್ಲಿ ಮೊದಲ ಬಾರಿಗೆ ನಾಕೌಟ್ ಹಂತ ಮುಟ್ಟಿದ್ದು ಅದೇ ಋತುವಿನಲ್ಲಿ. ಆಟಗಾರರಿಗೆ ತಮ್ಮ ಮುಂದಿನ ಸಂಬಳ ಎಲ್ಲಿಂದ ಬರುತ್ತದೆಂದು ತಿಳಿಯದಿದ್ದರೂ ಅವರು ವೆಲಿಂಗ್ಟನ್ನಿಗೆ ಹೋಗಿ ಹರಿಕೇನ್ಸ್ ವಿರುದ್ಧ ಕ್ವಾರ್ಟರ್ ಫೈನಲ್ ಆಡಿ, ಸೋತು ಬಂದರು. ಅಲ್ಲಿಗೆ ವಿಕ್ಟೋರಿಯಾ ರಾಜ್ಯದಲ್ಲಿ ವೃತ್ತಿಪರ ರಗ್ಬಿ ಯೂನಿಯನ್ ನಿಂತುಹೋಯಿತು.

ಈ ವಿಷಯವನ್ನು ಇಲ್ಲಿ ಚರ್ಚೆಗೆ ತರಲು ಕಾರಣವಿದೆ. ನ್ಯೂಜಿಲೆಂಡಿನೊಂದಿಗೆ ಸೇರಿ ನಡೆಸುತ್ತಿರುವ ಸೂಪರ್ ರಗ್ಬಿ ಪೆಸಿಫಿಕ್ ಒಪ್ಪಂದ 2030ರವರೆಗೆ ಇದೆ. ನೈನ್ ಸಂಸ್ಥೆಯೊಂದಿಗಿನ ಹೊಸ ಪ್ರಸಾರ ಒಪ್ಪಂದವೂ 2026ರಿಂದ 2030ರವರೆಗಿನದು. ಎರಡೂ ಒಂದೇ ವರ್ಷ ಮುಗಿಯುವುದರಿಂದ, ಮುಂದೇನು ಎಂಬ ತೀರ್ಮಾನವನ್ನು ಆಗ ಒಟ್ಟಿಗೆ ಮಾಡಲೇಬೇಕಾಗುತ್ತದೆ. 2027ರ ಪುರುಷರ ವಿಶ್ವಕಪ್ ಮತ್ತು 2029ರ ಮಹಿಳೆಯರ ವಿಶ್ವಕಪ್ ಎರಡೂ ಆಸ್ಟ್ರೇಲಿಯಾದಲ್ಲೇ ನಡೆಯಲಿರುವ ಕಾರಣ, ಇನ್ನು ಕೆಲವು ವರ್ಷ ಕೈಯಲ್ಲಿ ಸ್ವಲ್ಪ ಹಣವೂ ಜನರ ಗಮನವೂ ಇರುತ್ತವೆ. ಅಂಥ ಕಾಲದಲ್ಲೇ ಯೋಚಿಸದಿದ್ದರೆ ಮತ್ತೆ ಸಾಲದ ನಡುವೆ, ಆತುರದಲ್ಲಿ, ಯಾವುದೋ ಒಂದು ಊರಿನ ತಂಡವನ್ನು ಕೈಬಿಡುವ ತೀರ್ಮಾನವೇ ಆದೀತೆಂಬ ಆತಂಕ ನನ್ನದು.

ಹೊಸದಾಗಿ ಓದುತ್ತಿರುವವರಿಗಾಗಿ ಹಿನ್ನೆಲೆಯನ್ನು ಹೇಳುತ್ತೇನೆ. ರಗ್ಬಿ ಯೂನಿಯನ್ ಎಂದರೆ ಹದಿನೈದು ಜನರ ಆಟ. ಸಿಡ್ನಿ, ಬ್ರಿಸ್ಬೇನ್‌ಗಳಲ್ಲಿ ಅದಕ್ಕಿಂತ ಹೆಚ್ಚು ಜನಪ್ರಿಯವಾಗಿರುವ ರಗ್ಬಿ ಲೀಗ್ ಹದಿಮೂರು ಜನರದು. ಯೂನಿಯನ್ ಆಟ ವೃತ್ತಿಪರವಾದದ್ದು 1995ರ ಆಗಸ್ಟ್‌ನಲ್ಲಿ. ಮರುವರ್ಷ ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್, ಆಸ್ಟ್ರೇಲಿಯಾ ಸೇರಿ ಹನ್ನೆರಡು ತಂಡಗಳ ಸೂಪರ್ 12 ಆರಂಭಿಸಿದವು. ನ್ಯೂ ಸೌತ್ ವೇಲ್ಸ್ ವಾರಟಾಸ್, ಕ್ವೀನ್ಸ್‌ಲ್ಯಾಂಡ್ ರೆಡ್ಸ್, ಕ್ಯಾನ್‌ಬೆರಾದ ಬ್ರಂಬೀಸ್, ಈ ಮೂರು ನಮ್ಮ ತಂಡಗಳು. 2006ರಲ್ಲಿ ಅದು ಹದಿನಾಲ್ಕು ತಂಡಗಳದ್ದಾಯಿತು, 2011ರಲ್ಲಿ ಹದಿನೈದರದ್ದು. 2016ರಲ್ಲಿ ಅರ್ಜೆಂಟೀನಾ, ಜಪಾನ್‌ಗಳನ್ನೂ ಸೇರಿಸಿಕೊಂಡು ಹದಿನೆಂಟಕ್ಕೆ ಏರಿತು. 2018ರಲ್ಲಿ ಮತ್ತೆ ಹದಿನೈದಕ್ಕೆ ಇಳಿಯಿತು. ಕೋವಿಡ್ ಬಂದಾಗ ಆಸ್ಟ್ರೇಲಿಯಾ ಎರಡು ವರ್ಷ ತನ್ನದೇ ಪಂದ್ಯಾವಳಿ ನಡೆಸಿತು, ದಕ್ಷಿಣ ಆಫ್ರಿಕಾದ ತಂಡಗಳು ಯುರೋಪಿನತ್ತ ಹೋದವು. 2022ರಲ್ಲಿ ಫಿಜಿಯನ್ ಡ್ರುವಾ ಮತ್ತು ಮೋವಾನಾ ಪಸಿಫಿಕಾ ತಂಡಗಳನ್ನು ಕೂಡಿಸಿಕೊಂಡು ಹನ್ನೆರಡು ತಂಡಗಳ ಈಗಿನ ಸ್ವರೂಪ ಬಂತು. ರೆಬೆಲ್ಸ್ ಹೋದ ಮೇಲೆ 2025ರಲ್ಲಿ ಹನ್ನೊಂದು ಉಳಿದವು.

ಇಷ್ಟು ಬಾರಿ ರೂಪ ಬದಲಿಸಿದ ಪಂದ್ಯಾವಳಿಯ ಮೇಲೆ ಒಂದು ಕುಟುಂಬ ತಲೆಮಾರುಗಟ್ಟಲೆ ಅಭಿಮಾನ ಬೆಳೆಸಿಕೊಳ್ಳುವುದು ಸಾಧ್ಯವೇ? ಎಷ್ಟು ತಂಡಗಳಿರಬೇಕು ಎಂಬ ಪ್ರಶ್ನೆಯ ಸುತ್ತಲೇ ನಾವು ಮೂವತ್ತು ವರ್ಷ ಸುತ್ತಿದ್ದೇವೆ. ಒಂದು ಪಂದ್ಯಾವಳಿಯನ್ನು ಅದು ಬೇರೂರುವವರೆಗೆ ಮುಟ್ಟದೆ ಬಿಡಬೇಕು ಎಂಬುದನ್ನು ಯಾರೂ ಯೋಚಿಸಲಿಲ್ಲ ಎಂಬುದು ನನ್ನ ಅಭಿಪ್ರಾಯ. ಬೇರೆ ಊರುಗಳಲ್ಲಿರುವ ಸದಸ್ಯರು ಏನು ಹೇಳುತ್ತೀರಿ?

ಬ್ಯಾಲಿಮೋರ್ ಬದಿಯವ (ಬ್ರಿಸ್ಬೇನ್):

ಯಾರ್ರಾ ದಡದವರೇ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಸೂಪರ್ ರಗ್ಬಿಯಿಂದ ಹೊರಬರಬೇಕೆಂಬ ಅರ್ಥ ನಿಮ್ಮ ಮಾತಿನಲ್ಲಿ ಇದ್ದರೆ ನನಗೆ ಅದು ಒಪ್ಪಿಗೆಯಿಲ್ಲ.

2011ರಲ್ಲಿ ರೆಡ್ಸ್ ತಂಡವು ಸನ್‌ಕಾರ್ಪ್ ಕ್ರೀಡಾಂಗಣದಲ್ಲಿ ನಡೆದ ಫೈನಲ್‌ನಲ್ಲಿ ನ್ಯೂಜಿಲೆಂಡಿನ ಬಲಿಷ್ಠ ಕ್ರುಸೇಡರ್ಸ್ ತಂಡವನ್ನು 18-13ರಿಂದ ಸೋಲಿಸಿದಾಗ ಐವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. 2014ರ ಫೈನಲ್ ಅನ್ನು ಸಿಡ್ನಿಯಲ್ಲಿ ಅರವತ್ತು ಸಾವಿರಕ್ಕೂ ಮೀರಿ ಜನ ನೋಡುತ್ತಿದ್ದಾಗ, ಪಂದ್ಯ ಮುಗಿಯಲು ಒಂದೇ ನಿಮಿಷ ಉಳಿದಿರುವಂತೆ ಬರ್ನಾರ್ಡ್ ಫೋಲಿ ದೂರದಿಂದ ಪೆನಾಲ್ಟಿ ಒದ್ದರು. ಚೆಂಡು ಅಡ್ಡಪಟ್ಟಿಯ ಮೇಲಿಂದ ದಾಟಿತು, ವಾರಟಾಸ್ 33-32ರಿಂದ ಗೆದ್ದಿತು. ಆ ಎರಡೂ ರಾತ್ರಿಗಳಿಗೆ ಅಷ್ಟು ಬೆಲೆ ಬಂದದ್ದು ಎದುರಾಳಿ ಕ್ರುಸೇಡರ್ಸ್ ಆಗಿದ್ದರಿಂದ. ನಮ್ಮನಮ್ಮೊಳಗೇ ಆಡಿ ಗೆದ್ದ ಕಪ್ಪಿಗೆ ಆ ತೂಕ ಬರುವುದಿಲ್ಲ.

ಹೌದು, ಆಮೇಲಿನ ಕಥೆ ಚೆನ್ನಾಗಿಲ್ಲ. 2014ರ ಬಳಿಕ ನಮ್ಮ ಯಾವ ತಂಡವೂ ಪೂರ್ಣ ಪಂದ್ಯಾವಳಿಯ ಕಪ್ ಗೆದ್ದಿಲ್ಲ. 2016ರಿಂದ 2018ರ ನಡುವೆ ಆಸ್ಟ್ರೇಲಿಯಾದ ತಂಡಗಳು ನ್ಯೂಜಿಲೆಂಡಿನ ತಂಡಗಳೆದುರು ಸತತವಾಗಿ ನಲವತ್ತು ಪಂದ್ಯ ಸೋತವು. ಬ್ರಂಬೀಸ್ 2022ರಿಂದ 2025ರವರೆಗೆ ಪ್ರತಿ ವರ್ಷವೂ ಸೆಮಿಫೈನಲ್ ತಲುಪಿ, ಪ್ರತಿ ವರ್ಷವೂ ಅಲ್ಲೇ ಸೋತಿತು. ಈ ನಾಲ್ಕೂ ಫೈನಲ್‌ಗಳು ನ್ಯೂಜಿಲೆಂಡ್ ತಂಡಗಳ ನಡುವೆಯೇ ನಡೆದವು. ಆದರೆ ಬಲಿಷ್ಠರೊಂದಿಗೆ ಆಡಿ ಸೋಲುತ್ತಿದ್ದೇವೆ ಎಂಬ ಕಾರಣಕ್ಕೆ ಅವರೊಂದಿಗೆ ಆಡುವುದನ್ನೇ ಬಿಟ್ಟರೆ ನಮ್ಮ ರಾಷ್ಟ್ರೀಯ ತಂಡವಾದ ವಾಲಬೀಸ್‌ನ ಮಟ್ಟ ಏನಾದೀತು ಎಂಬುದನ್ನೂ ಯೋಚಿಸಬೇಕು. ನಾಲ್ಕು ತಂಡಗಳಲ್ಲಿ ಪ್ರತಿಭೆಯನ್ನು ಸಾಂದ್ರವಾಗಿ ಇಟ್ಟುಕೊಂಡರೆ ಐದಕ್ಕಿಂತ ಬಲ ಹೆಚ್ಚುತ್ತದೆ ಎಂಬ ವಾದದಲ್ಲಿ ತಿರುಳಿದೆ. ಮೆಲ್ಬರ್ನಿನವರ ಎದುರು ಇದನ್ನು ಹೇಳುವುದು ಕಷ್ಟವಾದರೂ ಹೇಳಲೇಬೇಕಾಗಿದೆ.

ಸ್ವಾನ್ ನದಿ (ಪರ್ತ್):

ಬ್ಯಾಲಿಮೋರಿನವರೇ, ತಂಡ ಕಡಿಮೆ ಮಾಡಿದರೆ ಬಲ ಹೆಚ್ಚುತ್ತದೆ ಎಂಬ ಮಾತನ್ನು 2017ರಲ್ಲಿ ನಮಗೂ ಇದೇ ಶಬ್ದಗಳಲ್ಲಿ ಹೇಳಿದ್ದರು.

ಆ ವರ್ಷ ಆಸ್ಟ್ರೇಲಿಯಾ ಒಂದು ತಂಡವನ್ನು ಬಿಡಬೇಕಾಗಿತ್ತು. ರೆಬೆಲ್ಸೋ ನಮ್ಮ ಪರ್ತ್‌ನ ವೆಸ್ಟರ್ನ್ ಫೋರ್ಸೋ ಎಂಬ ಅನಿಶ್ಚಿತತೆಯನ್ನು ತಿಂಗಳುಗಟ್ಟಲೆ ಎಳೆದು, ಆಗಸ್ಟ್‌ನಲ್ಲಿ ಫೋರ್ಸ್ ತಂಡವನ್ನು ಕೈಬಿಟ್ಟರು. ರಾಜ್ಯದ ರಗ್ಬಿ ಸಂಸ್ಥೆ ಮಧ್ಯಸ್ಥಿಕೆಗೆ ಹೋಯಿತು, ಆಮೇಲೆ ನ್ಯೂ ಸೌತ್ ವೇಲ್ಸಿನ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಎರಡೂ ಕಡೆ ಸೋತಿತು. ಸಂಸತ್ತಿನ ಸೆನೆಟ್ ಸಮಿತಿ ಈ ಕುರಿತು ವಿಚಾರಣೆ ನಡೆಸುವಷ್ಟು ವಿಷಯ ದೊಡ್ಡದಾಯಿತು. ನೀಲಿ ಜರ್ಸಿ ತೊಟ್ಟ ಕುಟುಂಬಗಳು, ಸೊಂಟದ ಮೇಲೆ ಮಕ್ಕಳನ್ನು ಕೂರಿಸಿಕೊಂಡ ತಾಯಂದಿರೂ ಸೇರಿ, ಬೀದಿಗಿಳಿದು ತಮ್ಮ ತಂಡವನ್ನು ಉಳಿಸಿಕೊಡಿ ಎಂದು ಕೇಳಿದ್ದನ್ನು ನಾನು ನೋಡಿದ್ದೇನೆ.

ಒಂದು ತಂಡ ಹೋದ ಮೇಲೆ ಉಳಿದ ನಾಲ್ಕು ತಂಡಗಳು ಗೆದ್ದವೇ? 2018ರಲ್ಲಾಗಲಿ 2019ರಲ್ಲಾಗಲಿ ಕಪ್ ಬಂತೇ? ಬರಲಿಲ್ಲ. ಗಣಿ ಉದ್ಯಮಿ ಆಂಡ್ರ್ಯೂ ಫಾರೆಸ್ಟ್ ತಮ್ಮ ಹಣ ಹಾಕಿ ತಂಡವನ್ನು ಜೀವಂತವಾಗಿ ಇಟ್ಟರು, ಅದಕ್ಕಾಗಿಯೇ ಬೇರೊಂದು ಪಂದ್ಯಾವಳಿಯನ್ನು ಕಟ್ಟಿದರು. 2020ರಲ್ಲಿ ಕೋವಿಡ್ ಕಾರಣದಿಂದ ದೇಶೀಯ ಪಂದ್ಯಾವಳಿ ನಡೆಸಬೇಕಾಗಿ ಬಂದಾಗ ಐದನೆಯ ತಂಡ ಬೇಕಾಯಿತು, ಆಗ ನಮ್ಮನ್ನು ಮತ್ತೆ ಕರೆದರು. ಫಾರೆಸ್ಟ್ ಇಲ್ಲದಿದ್ದರೆ ಕರೆಯಲು ತಂಡವೇ ಉಳಿದಿರುತ್ತಿರಲಿಲ್ಲ. ಒಬ್ಬ ಶ್ರೀಮಂತನ ಹಠದ ಮೇಲೆ ಒಂದು ರಾಜ್ಯದ ರಗ್ಬಿ ನಿಂತಿತ್ತು ಎಂಬುದು ಅವರಿಗೆ ಗೌರವ ತರುವ ವಿಷಯ, ಆಡಳಿತಕ್ಕೆ ಅಲ್ಲ.

2025ರ ಜೂನ್‌ನಲ್ಲಿ ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ ತಂಡ ಆಸ್ಟ್ರೇಲಿಯಾ ನೆಲದಲ್ಲಿ ಆ ಪ್ರವಾಸದ ಮೊದಲ ಪಂದ್ಯವನ್ನು ಪರ್ತ್‌ನಲ್ಲಿ ಫೋರ್ಸ್ ವಿರುದ್ಧ ಆಡಿತು. ನಾವು 54-7ರಿಂದ ಸೋತರೂ ನಲವತ್ತು ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. 2027ರ ವಿಶ್ವಕಪ್ ಇಲ್ಲಿಯೇ ಉದ್ಘಾಟನೆಯಾಗಲಿದೆ. ಅದೇ ವರ್ಷ ರಗ್ಬಿ ಲೀಗ್‌ನವರು ಪರ್ತ್ ಬೇರ್ಸ್ ಎಂಬ ತಂಡದೊಂದಿಗೆ ನಮ್ಮ ಊರಿಗೆ ಕಾಲಿಡುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಫೋರ್ಸ್‌ನ ಭವಿಷ್ಯದ ಬಗ್ಗೆ ಯಾರಾದರೂ ಮತ್ತೆ ಸಂದೇಹದ ಮಾತಾಡಿದರೆ, ನಮ್ಮ ಹದಿನಾರು ವರ್ಷದ ಹುಡುಗರು ಯಾವ ಗೇಟಿಗೆ ಹೋಗುತ್ತಾರೆಂದು ಬೇರೆ ಹೇಳಬೇಕಾಗಿಲ್ಲ.

ಕೂಗೀ ಕಡಲಂಚು (ಸಿಡ್ನಿ):

ಇಲ್ಲಿಯವರೆಗಿನ ಮಾತೆಲ್ಲ ಮೇಲಿನ ಅಂತಸ್ತಿನದಾಯಿತು. ಆಸ್ಟ್ರೇಲಿಯಾದ ರಗ್ಬಿಗೆ ಕೆಳಗಿನ ಅಂತಸ್ತು ಇದೆ, ಮೇಲಿನದೂ ಇದೆ, ನಡುವಿನ ಮೆಟ್ಟಿಲು ಇಲ್ಲ. ನನ್ನ ದೃಷ್ಟಿಯಲ್ಲಿ ಮುಖ್ಯ ಪ್ರಶ್ನೆ ಅದು.

ಚಳಿಗಾಲದ ಒಂದು ಶನಿವಾರ ಕೂಗೀ ಓವಲ್‌ಗೆ ಬನ್ನಿ. ಬೆಳಗಿನಿಂದಲೇ ಕೋಲ್ಟ್ಸ್ ಹುಡುಗರ ಪಂದ್ಯಗಳು, ಆಮೇಲೆ ಕೆಳ ದರ್ಜೆಯ ತಂಡಗಳ ಪಂದ್ಯಗಳು, ಮಧ್ಯಾಹ್ನ ಮೂರರ ಸುಮಾರಿಗೆ ಮೊದಲ ದರ್ಜೆಯ ಪಂದ್ಯ. ಬೆಳಿಗ್ಗೆ ಆಡಿದವನು ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಬೇಲಿಗೆ ಆನಿಕೊಂಡು ತನ್ನ ಕ್ಲಬ್ಬಿನ ಹಿರಿಯರನ್ನು ನೋಡುತ್ತಾನೆ. ಅವನ ಪಕ್ಕದಲ್ಲಿ ಅದೇ ಕ್ಲಬ್ಬಿನ ಗಾಢ ಹಸಿರು ಜರ್ಸಿಯಲ್ಲಿ ಎಪ್ಪತ್ತರ ದಶಕದಲ್ಲಿ ಆಡಿದ್ದ ಮುದುಕರು ನಿಂತಿರುತ್ತಾರೆ. ಗೆರೆಯಾಚೆ ಹೋದ ಚೆಂಡನ್ನು ಒಳಗೆ ಎಸೆಯುವ ಲೈನ್‌ಔಟ್‌ನಲ್ಲಿ ಯಾರನ್ನು ಎತ್ತುತ್ತಾರೆ ಎಂದು ಕೂಗುವ ಸಂಕೇತ ಬೇಲಿಯಾಚೆ ನಿಂತವರಿಗೂ ಕೇಳಿಸುತ್ತದೆ. 1988ರಲ್ಲಿ ಇಲ್ಲಿಯ ರ‍್ಯಾಂಡ್‌ವಿಕ್ ಕ್ಲಬ್ ಆಗಿನ ವಿಶ್ವ ಚಾಂಪಿಯನ್, ನ್ಯೂಜಿಲೆಂಡಿನ ರಾಷ್ಟ್ರೀಯ ತಂಡವಾದ ಆಲ್ ಬ್ಲ್ಯಾಕ್ಸ್ ಅನ್ನು ಎದುರಿಸಿದ್ದು ಇದೇ ಮೈದಾನದಲ್ಲಿ. ಲಾ ಪೆರೂಸ್‌ನ ಮೂಲನಿವಾಸಿ ಕುಟುಂಬದಿಂದ ಬಂದು, ಸರ್ಕಾರಿ ಶಾಲೆಯಲ್ಲಿ ಓದಿ, ವಾಲಬೀಸ್‌ಗೆ ಆಡಿದ ಮೂವರು ಸಹೋದರರು, ಮಾರ್ಕ್ ಎಲಾ, ಗ್ಲೆನ್ ಎಲಾ ಮತ್ತು ಗ್ಯಾರಿ ಎಲಾ, ಈ ಕ್ಲಬ್ಬಿನವರು. ಮುಂದೆ ವಾಲಬೀಸ್ ತರಬೇತುದಾರರಾದ ಎಡ್ಡಿ ಜೋನ್ಸ್, ಮೈಕಲ್ ಚೀಕಾ ಇಬ್ಬರೂ ಇಲ್ಲೇ ಆಡಿ ಬೆಳೆದವರು.

ಸಿಡ್ನಿಯ ಕ್ಲಬ್ಬುಗಳು ಆಡುವ ಈ ಶೂಟ್ ಶೀಲ್ಡ್ ಪಂದ್ಯಾವಳಿ ಒಂದು ಶತಮಾನ ದಾಟಿದೆ. ಬ್ರಿಸ್ಬೇನ್‌ನಲ್ಲಿಯೂ ಬ್ರದರ್ಸ್, ಸೌತ್ಸ್, ವಿಶ್ವವಿದ್ಯಾಲಯದ ತಂಡಗಳು ಹೀಗೆಯೇ ಇವೆ. ಆದರೆ ಇಲ್ಲಿ ಚೆನ್ನಾಗಿ ಆಡಿದ ಇಪ್ಪತ್ತು ವರ್ಷದ ಹುಡುಗ ನೇರವಾಗಿ ಚೀಫ್ಸ್ ಅಥವಾ ಕ್ರುಸೇಡರ್ಸ್ ಎದುರು ನಿಲ್ಲಬೇಕು. ನ್ಯೂಜಿಲೆಂಡಿನ ಅದೇ ವಯಸ್ಸಿನ ಹುಡುಗನಿಗೆ ನಡುವೆ ಪ್ರಾಂತೀಯ ಚಾಂಪಿಯನ್‌ಶಿಪ್ ಇದೆ. ಕ್ಯಾಂಟರ್ಬರಿಗೋ ವೈಕಾಟೋಗೋ ಋತುಪೂರ್ತಿ ಆಡಿ ಗಟ್ಟಿಯಾಗಿ ಬಂದಿರುತ್ತಾನೆ. ಬ್ಯಾಲಿಮೋರಿನವರು ಹೇಳಿದ ನಲವತ್ತು ಸೋಲುಗಳಿಗೆ ತಂಡಗಳ ಸಂಖ್ಯೆಗಿಂತ ಈ ಅಂತರವೇ ಹೆಚ್ಚು ಕಾರಣ ಎಂದು ನಾನು ನಂಬುತ್ತೇನೆ.

ಆ ಮೆಟ್ಟಿಲು ಕಟ್ಟುವ ಪ್ರಯತ್ನ ಎರಡು ಸಲ ಆಯಿತು. 2007ರಲ್ಲಿ ಎಂಟು ತಂಡಗಳ ಆಸ್ಟ್ರೇಲಿಯನ್ ರಗ್ಬಿ ಚಾಂಪಿಯನ್‌ಶಿಪ್ ಬಂತು. 47 ಲಕ್ಷ ಡಾಲರ್ ನಷ್ಟವಾಯಿತೆಂದು ಒಂದೇ ವರ್ಷಕ್ಕೆ ಮುಚ್ಚಿದರು. 2014ರಿಂದ 2019ರವರೆಗೆ ನ್ಯಾಷನಲ್ ರಗ್ಬಿ ಚಾಂಪಿಯನ್‌ಶಿಪ್ ನಡೆಯಿತು, ಅದೂ ನಿಂತಿತು. ಎರಡರಲ್ಲಿಯೂ ತಂಡಗಳಿಗೆ ಹೊಸ ಹೆಸರು, ಹೊಸ ಬಣ್ಣ. ಶನಿವಾರ ಬೇಲಿಗೆ ಆನಿಕೊಳ್ಳುವ ನಮ್ಮ ಜನರಲ್ಲಿ ಎಷ್ಟು ಮಂದಿ ಸಿಡ್ನಿ ಫ್ಲೀಟ್ ಎಂಬ ಹೆಸರಿಗೆ ಕೂಗು ಹಾಕಿಯಾರು?

ಬ್ಯಾಲಿಮೋರ್ ಬದಿಯವ (ಬ್ರಿಸ್ಬೇನ್):

ಕೂಗೀಯವರೇ, ಕ್ಲಬ್ಬುಗಳ ಬಗ್ಗೆ ನೀವು ಬರೆದದ್ದು ನನಗೂ ಪ್ರೀತಿಯ ವಿಷಯ. ಆದರೆ ಕ್ಲಬ್ಬುಗಳನ್ನೇ ರಾಷ್ಟ್ರೀಯ ಪಂದ್ಯಾವಳಿಗೆ ಏರಿಸಿದರೆ ಅದು ಸಿಡ್ನಿಯ ಪಂದ್ಯಾವಳಿಯಾಗುತ್ತದೆ. ಹಣವಿರುವ ಕ್ಲಬ್ಬುಗಳು ಅಲ್ಲಿವೆ, ದೊಡ್ಡ ಖಾಸಗಿ ಶಾಲೆಗಳೂ ಅಲ್ಲಿವೆ. ಪರ್ತ್, ಮೆಲ್ಬರ್ನ್, ಕ್ಯಾನ್‌ಬೆರಾಗಳ ಕ್ಲಬ್ಬುಗಳು ಯಾವ ಬಲದಿಂದ ನಿಲ್ಲುತ್ತವೆ? ಆಟವು ಸಿಡ್ನಿಯ ಉತ್ತರ ತೀರದಿಂದ ಹೊರಗೆ ಹರಡಬೇಕೆಂಬ ಹಂಬಲದಿಂದಲೇ ಫೋರ್ಸ್, ರೆಬೆಲ್ಸ್ ಹುಟ್ಟಿದ್ದು.

ಇನ್ನೊಂದು ಮಾತು. ಎರಡನೆಯ ಪ್ರಯತ್ನವನ್ನು ಪೂರ್ತಿ ವಿಫಲ ಎನ್ನಬೇಡಿ. ಆ ಚಾಂಪಿಯನ್‌ಶಿಪ್‌ಗೆ 2017ರಲ್ಲಿ ಫಿಜಿಯನ್ ಡ್ರುವಾ ಬಂತು, 2018ರಲ್ಲಿ ಕಪ್ ಗೆದ್ದಿತು, 2022ರಲ್ಲಿ ಸೂಪರ್ ರಗ್ಬಿಗೆ ಏರಿತು, 2023ರಲ್ಲಿ ಲೌಟೋಕಾದಲ್ಲಿ ಕ್ರುಸೇಡರ್ಸ್ ತಂಡವನ್ನು 25-24ರಿಂದ ಸೋಲಿಸಿತು. ಅದೇ ವರ್ಷದ ವಿಶ್ವಕಪ್‌ನಲ್ಲಿ ಫಿಜಿ ನಮ್ಮನ್ನು 22-15ರಿಂದ ಸೋಲಿಸಿದ್ದನ್ನು, ನಾವು ಮೊದಲ ಬಾರಿಗೆ ಗುಂಪು ಹಂತದಲ್ಲೇ ಹೊರಬಿದ್ದದ್ದನ್ನು ನೆನಪಿಸಿಕೊಳ್ಳಿ. ನಾವು ಹಾಕಿದ ಮೆಟ್ಟಿಲನ್ನು ಫಿಜಿಯವರು ಹತ್ತಿದರು. ನಾವೇ ಅದನ್ನು ಕಿತ್ತುಹಾಕಿದೆವು.

ಯಾರ್ರಾ ದಡ (ಮೆಲ್ಬರ್ನ್):

ಬ್ಯಾಲಿಮೋರಿನವರ ಕೊನೆಯ ಮಾತು ನನ್ನ ವಾದಕ್ಕೇ ಬಲ ಕೊಡುತ್ತದೆ. ಆರು ವರ್ಷದಲ್ಲಿ ಫಿಜಿಗೆ ಅಷ್ಟು ಫಲ ಕೊಟ್ಟ ಪಂದ್ಯಾವಳಿಯನ್ನು ಇನ್ನೂ ಆರು ವರ್ಷ ನಡೆಸಿದ್ದರೆ ನಮಗೇನು ಕೊಡುತ್ತಿತ್ತು?

ತಂಡ ಹೋದ ಊರಿನಲ್ಲಿ ಏನಾಗುತ್ತದೆಂದು ಇಲ್ಲಿಂದ ಹೇಳುತ್ತೇನೆ. ಮೆಲ್ಬರ್ನಿನ ಪಶ್ಚಿಮ ಮತ್ತು ಆಗ್ನೇಯ ಬಡಾವಣೆಗಳಲ್ಲಿ ಸಮೋವಾ, ಟೋಂಗಾ, ಮಾವೊರಿ ಮೂಲದ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿವೆ. ಆ ಮನೆಗಳ ಮಕ್ಕಳು ಹನ್ನೆರಡನೆಯ ವಯಸ್ಸಿಗೇ, ಎರಡೂ ತಂಡದವರು ಬಾಗಿ ತಳ್ಳಾಡುವ ಸ್ಕ್ರಮ್‌ನಲ್ಲಿ ಭುಜ ಕೊಡಲು ಕಲಿತಿರುತ್ತಾರೆ. ರಾಬ್ ಲಿಯೋಟಾ, ಪೋನೆ ಫಾಮಾವುಸಿಲಿ ಇಲ್ಲಿ ಬೆಳೆದು ವಾಲಬೀಸ್ ಆದವರು. ನನ್ನ ಮಗನ ತಂಡದ ಮಕ್ಕಳು ರೆಬೆಲ್ಸ್ ಆಟಗಾರರು ಅಭ್ಯಾಸ ಮಾಡುವುದನ್ನು ನೋಡಲು ಹೋಗಿ, ಬೇಲಿಯ ಬಳಿ ನಿಂತು ಅವರ ಬೂಟುಗಳ ಬಗ್ಗೆ ಮಾತಾಡುತ್ತಿದ್ದರು. ಈಗ ಅದೇ ನಗರದಲ್ಲಿ ಸ್ಟಾರ್ಮ್ ಎಂಬ ರಗ್ಬಿ ಲೀಗ್ ತಂಡ ಇದೆ, ಅದರ ತರಬೇತುದಾರರು ಶಾಲೆಗಳಿಗೆ ಬರುತ್ತಾರೆ. ಆ ಮಕ್ಕಳ ತಂದೆತಾಯಂದಿರು ಯಾರ ಕೈಗೆ ಮಗನನ್ನು ಒಪ್ಪಿಸಬೇಕು? ರೆಬೆಲ್ಸ್‌ನ ಫ್ಲೈ-ಹಾಫ್ ಕಾರ್ಟರ್ ಗಾರ್ಡನ್ ಲೀಗ್‌ನತ್ತ ಹೋದರು. ಅವರು ಯೂನಿಯನ್‌ಗೆ ಮರಳಿದ್ದು ಬ್ರಿಸ್ಬೇನ್‌ಗೆ, ಮೆಲ್ಬರ್ನಿಗಲ್ಲ. 2025ರ ಜುಲೈನಲ್ಲಿ ಲಯನ್ಸ್ ವಿರುದ್ಧದ ಎರಡನೆಯ ಟೆಸ್ಟ್‌ಗೆ ಇದೇ ಮೆಲ್ಬರ್ನಿನ ಎಂಸಿಜಿಯಲ್ಲಿ ತೊಂಬತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಪ್ರವಾಸಿಗರು ಅನೇಕರಿದ್ದರು, ಒಪ್ಪುತ್ತೇನೆ. ಆದರೂ ಈ ನಗರಕ್ಕೆ ರಗ್ಬಿ ಬೇಡ ಎಂದು ಹೇಳುವವರು ಆ ರಾತ್ರಿಗೆ ಉತ್ತರ ಕೊಡಬೇಕು.

ಲೆಕ್ಕ ಪುಸ್ತಕ (ಕ್ಯಾನ್‌ಬೆರಾ):

ಎಲ್ಲರ ಮಾತಿನಲ್ಲಿಯೂ ಹುರುಳಿದೆ, ಆದರೆ ಇದನ್ನೆಲ್ಲ ಯಾವ ಹಣದಿಂದ ನಡೆಸುವುದು ಎಂಬ ಪ್ರಶ್ನೆಯನ್ನು ಯಾರೂ ಎತ್ತಿಲ್ಲ. ನಾನು ಲೆಕ್ಕಪತ್ರದ ವೃತ್ತಿಯವನು, ಬ್ರಂಬೀಸ್ ಅಭಿಮಾನಿ. ಹಾಗಾಗಿ ಅಂಕಿಗಳಿಂದಲೇ ಮಾತಾಡುತ್ತೇನೆ.

ನೈನ್‌ನೊಂದಿಗಿನ ಹೊಸ ಒಪ್ಪಂದದ ಮೌಲ್ಯ ಐದು ವರ್ಷಕ್ಕೆ ಗರಿಷ್ಠ 24 ಕೋಟಿ ಡಾಲರ್ ಎಂದು ವರದಿಯಾಗಿದೆ. ವರ್ಷಕ್ಕೆ ಸುಮಾರು 4.8 ಕೋಟಿ. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನ ಎಎಫ್‌ಎಲ್ ಸಂಸ್ಥೆಯ ಒಪ್ಪಂದ 2025ರಿಂದ ಏಳು ವರ್ಷಕ್ಕೆ 450 ಕೋಟಿ, ಅಂದರೆ ವರ್ಷಕ್ಕೆ 64 ಕೋಟಿಯ ಆಸುಪಾಸು. ನಮ್ಮದಕ್ಕಿಂತ ಹದಿಮೂರು ಪಟ್ಟು. ನಮಗೆ ಬರುವ ಮೊತ್ತದಲ್ಲಿಯೂ ಪ್ರಸಾರಕರಿಗೆ ಬೇಕಾಗಿರುವುದು ಮುಖ್ಯವಾಗಿ ವಾಲಬೀಸ್ ಪಂದ್ಯಗಳು. ಆಸ್ಟ್ರೇಲಿಯಾದ ರಗ್ಬಿಯಲ್ಲಿ ರಾಷ್ಟ್ರೀಯ ತಂಡ ದುಡಿಯುತ್ತದೆ, ಸೂಪರ್ ರಗ್ಬಿ ತಂಡಗಳು ಖರ್ಚು ಮಾಡುತ್ತವೆ. ಒಬ್ಬನೇ ದುಡಿಯುವ ದೊಡ್ಡ ಅವಿಭಕ್ತ ಕುಟುಂಬದ ಸ್ಥಿತಿ ಇದು. ಆ ಒಬ್ಬನಿಗೆ ಜ್ವರ ಬಂದರೆ ಎಲ್ಲರ ಅನ್ನಕ್ಕೂ ಕುತ್ತು.

2024ರಲ್ಲಿ ರಗ್ಬಿ ಆಸ್ಟ್ರೇಲಿಯಾ 3.68 ಕೋಟಿ ಡಾಲರ್ ನಷ್ಟ ತೋರಿಸಿತು. ಅದರಲ್ಲಿ ರೆಬೆಲ್ಸ್‌ನ ಹೊರೆಯೂ ಸೇರಿತ್ತು. ಖಾಸಗಿ ಹೂಡಿಕೆದಾರರಿಗೆ ಪಾಲು ಮಾರುವ ಯೋಜನೆಯನ್ನು 2023ರಲ್ಲಿ ಕೈಬಿಟ್ಟು, 8 ಕೋಟಿ ಡಾಲರ್ ಮಿತಿಯ ಸಾಲ ಮಾಡಿತ್ತು. ಲಯನ್ಸ್ ಪ್ರವಾಸದ ಆದಾಯದಿಂದ ಆ ಸಾಲವನ್ನು 2025ರಲ್ಲಿ ತೀರಿಸಿದ್ದು ಸಮಾಧಾನದ ವಿಷಯ. ಆದರೆ ಲಯನ್ಸ್ ಇಲ್ಲಿಗೆ ಬರುವುದು ಹನ್ನೆರಡು ವರ್ಷಕ್ಕೊಮ್ಮೆ. ವಿಶ್ವಕಪ್ 2003ರ ನಂತರ ಈಗ ಬರುತ್ತಿದೆ. 2003ರಲ್ಲಿಯೂ ಬೊಕ್ಕಸ ತುಂಬಿತ್ತು, ಅದು ಹೇಗೆ ಕರಗಿತೆಂಬುದು ಹಳಬರಿಗೆ ಗೊತ್ತು.

ಹೀಗಾಗಿ ನನ್ನ ಸಲಹೆ ಸರಳವಾದದ್ದು. 2027ರ ವಿಶ್ವಕಪ್‌ನಿಂದ ಬರುವ ಉಳಿತಾಯದಲ್ಲಿ ಒಂದು ಭಾಗವನ್ನು ಅಸಲು ಮುಟ್ಟದ ನಿಧಿಯಾಗಿ ಇಟ್ಟು, ಅದರ ಬಡ್ಡಿಯಿಂದ ನಡುವಿನ ಮೆಟ್ಟಿಲಿನ ಪಂದ್ಯಾವಳಿಯನ್ನು ನಡೆಸಬೇಕು. 2007ರಲ್ಲಿ ಅದನ್ನು ಮುಚ್ಚಿಸಿದ್ದು ಒಂದು ವರ್ಷದ ನಷ್ಟ. ಪ್ರತಿ ವರ್ಷದ ಬಜೆಟ್‌ನಲ್ಲಿ ಅದರ ಹಣೆಬರಹ ನಿರ್ಧಾರವಾಗುವವರೆಗೆ ಅದು ಬದುಕುವುದಿಲ್ಲ. ಇದಕ್ಕೆ ದೊಡ್ಡ ಕ್ರೀಡಾಂಗಣ ಬೇಡ, ವಿಮಾನ ಪ್ರಯಾಣವೂ ಕಡಿಮೆ ಇರಲಿ. ಕೂಗೀ ಓವಲ್, ಬ್ಯಾಲಿಮೋರ್‌ಗಳಂಥ ಮೈದಾನಗಳೇ ಸಾಕು. ಬಾಡಿಗೆ ಕೊಟ್ಟು ದೊಡ್ಡ ಕ್ರೀಡಾಂಗಣದ ಖಾಲಿ ಕುರ್ಚಿಗಳನ್ನು ಟಿವಿಯಲ್ಲಿ ತೋರಿಸುವುದಕ್ಕಿಂತ ಅದು ಎಷ್ಟೋ ಮೇಲು.

ಮಲೆನಾಡಿಗ (ಬೆಂಗಳೂರು):

ನಾನು ಆಸ್ಟ್ರೇಲಿಯಾದಲ್ಲಿ ಇಲ್ಲ, ಟಿವಿಯಲ್ಲಿ ನೋಡುವವನು. ಊರಿಲ್ಲದ ತಂಡದ ಬಗ್ಗೆ ಒಂದು ಮಾತು ಸೇರಿಸಬಯಸುತ್ತೇನೆ. 2025ರಲ್ಲಿ ಭಾರತದಲ್ಲಿ ಏಳು ಜನರ ರಗ್ಬಿಯ ಪ್ರೀಮಿಯರ್ ಲೀಗ್ ಶುರುವಾಯಿತು. ಅದರಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಎಂಬ ತಂಡವೂ ಇತ್ತು. ಪಂದ್ಯಗಳೆಲ್ಲ ನಡೆದದ್ದು ಮುಂಬಯಿಯಲ್ಲಿ. ಆರಂಭಿಕ ಹಂತದಲ್ಲಿ ಖರ್ಚಿನ ದೃಷ್ಟಿಯಿಂದ ಅದು ಸರಿಯಿರಬಹುದು, ಆದರೆ ನಮ್ಮ ಊರಿನ ಹೆಸರು ಹೊತ್ತ ತಂಡವನ್ನು ನಮ್ಮ ಊರಿನಲ್ಲಿ ನೋಡಲು ಆಗಲಿಲ್ಲ. ಕೂಗೀಯವರು ಹೇಳಿದ ಬೇಲಿ ಇಲ್ಲದೆ ಅಭಿಮಾನ ಹುಟ್ಟುವುದು ಕಷ್ಟ ಎಂಬುದು ಇಲ್ಲಿಗೂ ಅನ್ವಯಿಸುತ್ತದೆ.

ಇಲ್ಲಾವಾರಾ ತಾಯಿ (ವೊಲ್ಲೊಂಗೊಂಗ್):

ಇಷ್ಟು ದೀರ್ಘ ಚರ್ಚೆಯಲ್ಲಿ ಮಹಿಳೆಯರ ಪಂದ್ಯಾವಳಿಯ ಪ್ರಸ್ತಾಪವೇ ಬಂದಿಲ್ಲ. 2029ರ ವಿಶ್ವಕಪ್ ಹೆಸರು ಹೇಳಿ ಮುಂದೆ ಹೋಗಿದ್ದೀರಿ.

ಸೂಪರ್ ಡಬ್ಲ್ಯೂ 2018ರಲ್ಲಿ ಆರಂಭವಾಯಿತು. ಫಿಜಿಯಾನಾ ಡ್ರುವಾ 2022ರಲ್ಲಿ ಬಂದ ಮೊದಲ ವರ್ಷವೇ ಕಪ್ ಗೆದ್ದಿತು, 2023ರಲ್ಲಿ ಮತ್ತೆ ಗೆದ್ದಿತು. ಋತು ಕೆಲವೇ ವಾರಗಳದು. ಆಡುವ ಹೆಣ್ಣುಮಕ್ಕಳಲ್ಲಿ ಬಹಳಷ್ಟು ಮಂದಿ ದಾದಿಯರು, ಶಿಕ್ಷಕಿಯರು, ವಿದ್ಯಾರ್ಥಿನಿಯರು. ಕೆಲಸ ಮುಗಿಸಿ ಸಂಜೆ ಅಭ್ಯಾಸಕ್ಕೆ ಬರುತ್ತಾರೆ. ಇಂಗ್ಲೆಂಡಿನ ವೃತ್ತಿಪರ ಆಟಗಾರ್ತಿಯರನ್ನು ಇವರು ತಮ್ಮ ನೆಲದ ವಿಶ್ವಕಪ್‌ನಲ್ಲಿ ಎದುರಿಸಬೇಕಾಗಿದೆ. ಈಗ ಹದಿನೇಳು ವರ್ಷವಿರುವ ಹುಡುಗಿ 2029ಕ್ಕೆ ಸಿದ್ಧಳಾಗಬೇಕಾದರೆ ಅವಳಿಗೆ ಬೇಕಾಗಿರುವುದು ವರ್ಷಕ್ಕೆ ಹತ್ತು ಹನ್ನೆರಡು ಗಟ್ಟಿ ಪಂದ್ಯಗಳು. ಲೆಕ್ಕ ಪುಸ್ತಕದವರು ಹೇಳಿದ ನಿಧಿಯಿಂದ ನಡೆಯುವ ಪಂದ್ಯಾವಳಿಯಲ್ಲಿ ಪ್ರತಿ ಮೈದಾನದಲ್ಲಿಯೂ ಅದೇ ದಿನ ಮಹಿಳೆಯರ ಪಂದ್ಯವೂ ಇರಲಿ. ಹೊಸದಾಗಿ ಕಟ್ಟುವುದಾದರೆ ಎರಡನ್ನೂ ಸೇರಿಸಿಯೇ ಕಟ್ಟಬೇಕು, ಆಮೇಲೆ ಜೋಡಿಸುವುದು ಬೇಡ.

ಲೆಕ್ಕ ಪುಸ್ತಕ (ಕ್ಯಾನ್‌ಬೆರಾ):

ಇಲ್ಲಾವಾರಾದವರ ಮಾತು ನ್ಯಾಯವಾದದ್ದು. ಒಂದೇ ಮೈದಾನ, ಒಂದೇ ದಿನ ಎಂದರೆ ಖರ್ಚೂ ಹೆಚ್ಚು ಬೆಳೆಯುವುದಿಲ್ಲ.

ಸ್ವಾನ್ ನದಿ (ಪರ್ತ್):

ಆರ್360 ಎಂಬ ಹೊಸ ಲೀಗ್‌ನ ಬಗ್ಗೆಯೂ ಯೋಚಿಸಬೇಕಲ್ಲವೇ? ಜಗತ್ತಿನ ಉತ್ತಮ ಆಟಗಾರರನ್ನು ದೊಡ್ಡ ಸಂಬಳಕ್ಕೆ ಸೆಳೆದು ನಗರದಿಂದ ನಗರಕ್ಕೆ ಆಡಿಸುವ ಯೋಜನೆ ಅದು. 2025ರ ಅಕ್ಟೋಬರ್‌ನಲ್ಲಿ ರಗ್ಬಿ ಆಸ್ಟ್ರೇಲಿಯಾ ಸೇರಿ ಎಂಟು ದೇಶಗಳ ಸಂಸ್ಥೆಗಳು, ಅಲ್ಲಿಗೆ ಹೋದವರಿಗೆ ರಾಷ್ಟ್ರೀಯ ತಂಡದಲ್ಲಿ ಸ್ಥಾನವಿಲ್ಲ ಎಂದವು. ಬಳಿಕ ಆ ಲೀಗ್ ತನ್ನ ಆರಂಭವನ್ನು 2028ಕ್ಕೆ ಮುಂದೂಡಿತು. 1995ರಲ್ಲಿಯೂ ಮಾಧ್ಯಮ ಉದ್ಯಮಿ ಕೆರಿ ಪ್ಯಾಕರ್ ಬೆಂಬಲದ ಪ್ರತ್ಯೇಕ ಲೀಗ್ ಆಟಗಾರರನ್ನು ಸೆಳೆಯಲು ಹೊರಟಿತ್ತು. ಆಗ ಸಂಸ್ಥೆಗಳು ಗೆದ್ದದ್ದು ರೂಪರ್ಟ್ ಮರ್ಡೋಕ್ ಅವರ ಪ್ರಸಾರ ಹಣ ಜೊತೆಗಿದ್ದುದರಿಂದ. ನಿಷೇಧವೊಂದರಿಂದಲೇ ಆಟಗಾರ ಎಷ್ಟು ಕಾಲ ನಿಲ್ಲುತ್ತಾನೆ? ಇಪ್ಪತ್ತೆಂಟು ವರ್ಷ ದಾಟಿ, ವಾಲಬೀಸ್ ಕರೆ ಬಾರದ ಆಟಗಾರನಿಗೆ ಆ ನಿಷೇಧದಿಂದ ಕಳೆದುಕೊಳ್ಳುವುದೇನೂ ಇಲ್ಲ.

ಬ್ಯಾಲಿಮೋರ್ ಬದಿಯವ (ಬ್ರಿಸ್ಬೇನ್):

ಅಂಥ ಆಟಗಾರ ಇಲ್ಲೇ ಉಳಿಯಬೇಕಾದರೆ ಸೂಪರ್ ರಗ್ಬಿ ಇನ್ನಷ್ಟು ಪೈಪೋಟಿಯದಾಗಬೇಕು. ಅದಕ್ಕೆ ಒಂದು ದಾರಿ ಕಣ್ಣೆದುರಿಗೇ ಇದೆ. ನ್ಯೂಜಿಲೆಂಡಿನ ಆಟಗಾರ ಆರ್ಡಿ ಸವೇಯಾ 2025ರಲ್ಲಿ ಮೋವಾನಾ ಪಸಿಫಿಕಾ ತಂಡದ ನಾಯಕರಾಗಿ ಆಡಿದರು, ಅದೇ ವರ್ಷ ಆಲ್ ಬ್ಲ್ಯಾಕ್ಸ್‌ಗೂ ಆಡಿದರು. ಆ ತಂಡಕ್ಕೆ ಕೊಟ್ಟ ವಿನಾಯಿತಿಯನ್ನು ಆಸ್ಟ್ರೇಲಿಯಾದ ತಂಡಗಳಿಗೂ ವಿಸ್ತರಿಸಿ, ನ್ಯೂಜಿಲೆಂಡಿನ ಆಟಗಾರರು ಫೋರ್ಸ್ ಅಥವಾ ವಾರಟಾಸ್‌ಗೆ ಆಡಿಯೂ ಆಲ್ ಬ್ಲ್ಯಾಕ್ಸ್‌ಗೆ ಆಯ್ಕೆಯಾಗಬಹುದು ಎಂದರೆ ಎರಡು ದೇಶಗಳ ತಂಡಗಳ ನಡುವಿನ ಅಂತರ ತಾನಾಗಿ ಕಡಿಮೆಯಾಗುತ್ತದೆ. ನಮ್ಮ ಹುಡುಗರಿಗೂ ಅಲ್ಲಿಗೆ ಹೋಗುವ ಬಾಗಿಲು ತೆರೆದಿರಲಿ. ನ್ಯೂಜಿಲೆಂಡಿನವರು ಸುಲಭವಾಗಿ ಒಪ್ಪುವುದಿಲ್ಲ. ಆದರೆ ಎದುರಾಳಿಗಳು ದುರ್ಬಲರಾದರೆ ಅವರ ಪ್ರಸಾರ ಹಕ್ಕಿನ ಬೆಲೆಯೂ ಕುಸಿಯುತ್ತದೆ ಎಂಬುದು ಅವರಿಗೆ ತಿಳಿಯದ ವಿಷಯವಲ್ಲ. 2030ರ ಮಾತುಕತೆಯಲ್ಲಿ ಆಸ್ಟ್ರೇಲಿಯಾ ಮೊದಲು ಇಡಬೇಕಾದ ಬೇಡಿಕೆ ಇದು.

ಕೂಗೀಯವರ ಮೆಟ್ಟಿಲಿನ ಬಗ್ಗೆ ನನ್ನ ಆಕ್ಷೇಪ ಈಗ ಅರ್ಧಕ್ಕೆ ಇಳಿದಿದೆ. ಕ್ಲಬ್ಬುಗಳ ಹೆಸರಿನಲ್ಲೇ ನಡೆಯಲಿ, ಆದರೆ ಪರ್ತ್, ಮೆಲ್ಬರ್ನ್, ಕ್ಯಾನ್‌ಬೆರಾಗಳಿಗೆ ತಲಾ ಒಂದು ಸ್ಥಾನ ಆರಂಭದಿಂದಲೇ ಕಾಯ್ದಿರಿಸಿರಲಿ, ಸಿಡ್ನಿಗೆ ನಾಲ್ಕಕ್ಕಿಂತ ಹೆಚ್ಚು ಬೇಡ.

ಕೂಗೀ ಕಡಲಂಚು (ಸಿಡ್ನಿ):

ನಾಲ್ಕು ಎಂದರೆ ಉಳಿದ ಎಂಟು ಕ್ಲಬ್ಬುಗಳು ನನ್ನನ್ನು ಊರೊಳಗೆ ಬಿಡುವುದಿಲ್ಲ. ಶೂಟ್ ಶೀಲ್ಡ್ ಮುಗಿದ ಮೇಲೆ ಅದರ ಮೊದಲ ನಾಲ್ಕು ಸ್ಥಾನದವರು, ಬ್ರಿಸ್ಬೇನ್‌ನ ಮೊದಲ ಇಬ್ಬರು ಮತ್ತು ನೀವು ಹೇಳಿದ ಮೂರು ನಗರಗಳು ಸೇರಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಆಡಲಿ ಎಂದರೆ ಒಪ್ಪಬಹುದು. ಆಗ ಪ್ರತಿ ಕ್ಲಬ್ಬಿಗೂ ಪ್ರತಿ ವರ್ಷ ಅವಕಾಶವಿರುತ್ತದೆ.

ಯಾರ್ರಾ ದಡ (ಮೆಲ್ಬರ್ನ್):

ಕೂಗೀಯವರ ಸೂತ್ರಕ್ಕೆ ನನ್ನ ಸಂಪೂರ್ಣ ಒಪ್ಪಿಗೆ ಇದೆ, ಒಂದು ಷರತ್ತಿನೊಂದಿಗೆ. ನಿಯಮವನ್ನು ಹತ್ತು ವರ್ಷ ಬದಲಿಸುವಂತಿಲ್ಲ ಎಂದು ಒಪ್ಪಂದದಲ್ಲೇ ಬರೆಯಬೇಕು. ಮೊದಲ ವರ್ಷ ಜನ ಬರದಿರಬಹುದು, ಎರಡನೆಯ ವರ್ಷ ಮೆಲ್ಬರ್ನಿನ ತಂಡ ಎಲ್ಲ ಪಂದ್ಯಗಳನ್ನೂ ಸೋಲಬಹುದು. ಆಗಲೂ ಅದನ್ನು ಮುಟ್ಟಬಾರದು. ಸೂಪರ್ ರಗ್ಬಿಯ ಪೂರ್ಣ ತಂಡ ನಮಗೆ ಮರಳಿ ಬೇಕೆಂಬ ಆಸೆ ನನಗಿದೆ. ಆದರೆ ಅದಕ್ಕಿಂತ ಮೊದಲು ಇಲ್ಲಿನ ಮಕ್ಕಳು ತಮ್ಮ ನಗರದ ಹೆಸರಿನಲ್ಲಿ ಹಣ ಪಡೆದು ಆಡುವ ಒಂದು ತಂಡ ಬೇಕು.

ರಾಜ್ಯ ಸಂಸ್ಥೆಗಳು ವಾರ್ಷಿಕ ಸಭೆಗೆ ಮುನ್ನ ಸದಸ್ಯ ಕ್ಲಬ್ಬುಗಳ ಪ್ರಸ್ತಾಪಗಳನ್ನು ಸ್ವೀಕರಿಸುತ್ತವೆ. ಮಹಿಳೆಯರ ಪಂದ್ಯಗಳು, ನಿಧಿ, ಆಟಗಾರರ ವಿನಿಮಯ, ಹತ್ತು ವರ್ಷದ ಷರತ್ತು ಇಷ್ಟನ್ನೂ ಸೇರಿಸಿ ಎರಡು ಪುಟದ ಕರಡನ್ನು ನಾನು ಈ ವಾರ ಇಲ್ಲಿ ಹಾಕುತ್ತೇನೆ. ನಿಧಿಯ ಭಾಗವನ್ನು ಲೆಕ್ಕ ಪುಸ್ತಕದವರು, ಮಹಿಳೆಯರ ಭಾಗವನ್ನು ಇಲ್ಲಾವಾರಾದವರು ತಿದ್ದಿಕೊಟ್ಟರೆ, ನಿಮ್ಮನಿಮ್ಮ ಕ್ಲಬ್ಬುಗಳ ಕಾರ್ಯದರ್ಶಿಗಳ ಕೈಗೆ ಅದನ್ನು ಮುಟ್ಟಿಸುವ ಕೆಲಸ ಉಳಿದವರದು.